ಬಾಣ ಬಿದ್ದ ಮೇಲಿನ ಮಾತು

ಡಮಾಸ್ಕಸ್ ಪೇಟೆಯ ಆಯುಧ ವ್ಯಾಪಾರಿ ತಮೀರ್‌ನನ್ನು ಕೊಲ್ಲಲು ನನಗೆ ನಾಲ್ಕು ಸಂಜೆ ಹಿಡಿಯಿತು. ಮೊದಲ ಮೂರು ಸಂಜೆ ಅವನ ಕಾವಲಿನವರು ನನ್ನನ್ನೇ ಕೊಂದರು. ನಾಲ್ಕನೆಯ ಸಂಜೆ ಜನರ ನಡುವೆ ತಲೆತಗ್ಗಿಸಿ ನಡೆದು, ಅವನ ಬೆನ್ನ ಹಿಂದೆ ನಿಂತು ಬಟನ್ ಒತ್ತಿದೆ. ಎಡಗೈಯ ಮಣಿಕಟ್ಟಿನೊಳಗಿಂದ ಅಲಗು ಚಾಚಿತು, ತಮೀರ್ ಬಿದ್ದ. ಸಂತೆಯ ಗದ್ದಲ ಒಮ್ಮೆಗೇ ನಿಂತುಹೋಯಿತು. ಪೇಟೆ, ಜನ, ಗೋಡೆ ಎಲ್ಲ ಕರಗಿ ಪರದೆಯ ತುಂಬ ಮಂಜು ಕವಿದಂತಾಯಿತು. ಇನ್ನು ಅಂಕ ತೋರಿಸಬಹುದು ಅಂದುಕೊಂಡು ಕಾದೆ. ಸತ್ತವನು ನನ್ನ ತೋಳಿಗೆ ಒರಗಿ ಮಾತಾಡತೊಡಗಿದ.

ಹಿಂದೆ ಆರಾಮ ಕುರ್ಚಿಯಲ್ಲಿ ಮಲಗಿದಂತೆ ಕೂತಿದ್ದ ಅಪ್ಪಯ್ಯ ನೆಟ್ಟಗಾದರು.

"ಓಹೋ, ಇವ ಅರ್ಥ ಹೇಳ್ತಾನಲೇ!"

ಅದು 2020ರ ಏಪ್ರಿಲ್. ಲಾಕ್‌ಡೌನ್‌ನಿಂದ ಶಾಲೆ ಮುಚ್ಚಿತ್ತು. ನಾನು ಸಾಗರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಅಪ್ಪಯ್ಯ ಅಡಿಕೆ ತೋಟದ ನಡುವೆ ಬಿಡುವು ಮಾಡಿಕೊಂಡು ನಲವತ್ತು ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಆ ಬೇಸಗೆ ಒಂದು ಕೂಟವೂ ಇರಲಿಲ್ಲ, ಮಾತಿಗೆ ಎದುರು ಕೂರುವವರಿಲ್ಲ. ಅಣ್ಣನ ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಅಟ್ಟದ ಮೇಲೆ ಬಿಟ್ಟುಹೋಗಿದ್ದ ಪ್ಲೇಸ್ಟೇಷನ್ 3 ಒಂದಿತ್ತು. ಅದರ ಜೊತೆ ಗೀರುಬಿದ್ದ ಆರೇಳು ಡಿಸ್ಕ್. ಒಂದರ ಮೇಲೆ ಬಿಳಿ ಕುಪ್ಪಸದ, ಮುಸುಕು ಹಾಕಿದವನ ಚಿತ್ರ: ಅಸ್ಯಾಸಿನ್ಸ್ ಕ್ರೀಡ್. ಫೋನಿನಲ್ಲಿ ಕೇಳಿದರೆ, "ಅತ್ತೆ, ಅದು ಹಳೇದು. ಆದ್ರೆ ನಿಮ್ಮ ಕ್ರುಸೇಡ್ ಪಾಠ ಎಲ್ಲ ಅದರಲ್ಲಿದೆ" ಅಂದ. ಅಷ್ಟಕ್ಕೇ ಹಾಕಿ ನೋಡಿದೆ.

ಆ ಆಟದಲ್ಲಿ ಪರದೆಯ ಕೆಳಗೆ ಅಕ್ಷರ ಬರುವುದಿಲ್ಲ. ಪಾತ್ರಗಳು ಇಂಗ್ಲಿಷಿನಲ್ಲಿ ಆಡಿದ್ದನ್ನು ಕಿವಿಯಲ್ಲೇ ಹಿಡಿಯಬೇಕು. ಬೇಡವೆಂದರೆ ಮಾತನ್ನು ದಾಟಿಸಿ ಮುಂದೆ ಹೋಗುವುದಕ್ಕೂ ಬಿಡುವುದಿಲ್ಲ. ಹಾಗಾಗಿ ಪ್ರತಿ ಕೊಲೆಯ ನಂತರ ಸತ್ತವನು ಏನೆಂದ ಅಂತ ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಯಿತು. ಈ ಲೇಖನ ಹುಟ್ಟಿದ್ದು ಆ ಕೆಲಸದಲ್ಲಿ.

ಆಟ ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಯೂಬಿಸಾಫ್ಟ್ ಸ್ಟುಡಿಯೋ ಇದನ್ನು 2007ರ ನವೆಂಬರ್‌ನಲ್ಲಿ ಹೊರತಂದಿತು. ಮುಖ್ಯ ಕಲ್ಪನೆ ಪಾಟ್ರಿಸ್ ದೆಸಿಲೆ ಅವರದು, ಬರವಣಿಗೆ ಕೋರಿ ಮೇ ಅವರದು. ಕಾಲ 1191, ಮೂರನೆಯ ಕ್ರುಸೇಡ್. ಜೆರುಸಲೇಮ್ ಮತ್ತು ಡಮಾಸ್ಕಸ್ ಸಲಾದೀನನ ಕೈಯಲ್ಲಿವೆ, ಸಮುದ್ರದಂಡೆಯ ಅಕ್ಕಾ ಇಂಗ್ಲೆಂಡಿನ ದೊರೆ ರಿಚರ್ಡ್ ಕಡೆಯವರ ಕೈಗೆ ಬಂದಿದೆ. (ಯುರೋಪಿನವರು ಏಕರ್ ಅನ್ನುವ ಊರಿಗೆ ಅರಬ್ಬಿಯಲ್ಲಿ ಅಕ್ಕಾ ಎಂದೇ ಹೆಸರು. ಅಪ್ಪಯ್ಯನಿಗೆ ಇದು ಬಹಳ ಹಿಡಿಸಿ, ದಿನಾ ಸಂಜೆ "ಇವತ್ತು ಅಕ್ಕನ ಊರಿಗಾ?" ಅಂತ ಕೇಳುತ್ತಿದ್ದರು.) ಸಿರಿಯಾದ ಬೆಟ್ಟದ ಮೇಲಿನ ಮಸ್ಯಾಫ್ ಕೋಟೆಯಲ್ಲಿ ಒಂದು ಹಂತಕರ ಸಂಘ. ಅದರ ಗುರು ಅಲ್ ಮುಆಲಿಮ್. ಶಿಷ್ಯ ಅಲ್ತಾಯಿರ್, ನಾವು ಆಡುವುದು ಅವನಾಗಿ. ಸಂಘಕ್ಕೆ ಮೂರು ಕಟ್ಟಳೆ: ನಿರಪರಾಧಿಯ ಮೇಲೆ ಅಲಗು ಎತ್ತಬಾರದು, ಜನರ ಕಣ್ಣೆದುರೇ ಜನರಲ್ಲೊಬ್ಬನಾಗಿ ಅಡಗಿರಬೇಕು, ಸಂಘಕ್ಕೆ ಅಪಾಯ ತರಬಾರದು. ಅಲ್ತಾಯಿರ್ ಆಟದ ಮೊದಲಲ್ಲೇ ಮೂರನ್ನೂ ಮುರಿಯುತ್ತಾನೆ. ಸೊಕ್ಕಿನವನು. ದಾರಿಗೆ ಅಡ್ಡ ಬಂದ ಒಬ್ಬ ಮುದುಕನನ್ನು ಸುಮ್ಮನೆ ಕೊಲ್ಲುತ್ತಾನೆ. ಅವನ ದುಡುಕಿನಿಂದ ಜೊತೆಗಾರ ಮಲಿಕ್‌ನ ತಮ್ಮ ಸಾಯುತ್ತಾನೆ, ಮಲಿಕ್ ಒಂದು ಕೈ ಕಳೆದುಕೊಳ್ಳುತ್ತಾನೆ. ಪ್ರಾಯಶ್ಚಿತ್ತವಾಗಿ ಗುರು ಒಂಬತ್ತು ಜನರ ಹೆಸರು ಕೊಡುತ್ತಾನೆ. ಕೊಂದು ಬಾ.

ಇದಕ್ಕೆಲ್ಲ ಹೊರಗಿನಿಂದ ಇನ್ನೊಂದು ಕತೆಯ ಚೌಕಟ್ಟಿದೆ. 2012ರಲ್ಲಿ ಒಬ್ಬ ಯುವಕನನ್ನು ಯಂತ್ರದಲ್ಲಿ ಮಲಗಿಸಿ ಅವನ ಪೂರ್ವಜನ ನೆನಪುಗಳನ್ನು ಹೊರಗೆಳೆಯುತ್ತಾರಂತೆ. ಆ ಭಾಗ ಬಂದಾಗ ಅಪ್ಪಯ್ಯ ಕಾಫಿಗೆ ಏಳುತ್ತಿದ್ದರು. ನಾನೂ ಬೇಗ ಬೇಗ ಮುಗಿಸುತ್ತಿದ್ದೆ.

ಹಂತಕರ ಸಂಘ ಬರಿಯ ಕಲ್ಪನೆಯಲ್ಲ. ಇಸ್ಮಾಯಿಲಿ ಶಿಯಾ ಪಂಥದ ನಿಝಾರಿ ಶಾಖೆಯವರು 1090ರಲ್ಲಿ ಹಸನ್ ಇ ಸಬ್ಬಾಹ್‌ನ ನೇತೃತ್ವದಲ್ಲಿ ಇರಾನಿನ ಅಲಮೂತ್ ಕೋಟೆ ಹಿಡಿದರು. ಸುತ್ತ ದೊಡ್ಡ ದೊಡ್ಡ ಸೈನ್ಯಗಳು, ಇವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಸೈನ್ಯಕ್ಕೆ ಸೈನ್ಯ ನಿಲ್ಲಿಸಲಾಗದೆ ಸೇನಾಪತಿಯನ್ನೋ ಮಂತ್ರಿಯನ್ನೋ ಒಬ್ಬನನ್ನೇ ಆರಿಸಿ ಕೊಲ್ಲುವ ದಾರಿ ಹಿಡಿದರು. ಆಟದ ಗುರುವಿಗೆ ಮೂಲ, ಸಿರಿಯಾದ ನಿಝಾರಿಗಳ ನಾಯಕನಾಗಿದ್ದ ರಶೀದುದ್ದೀನ್ ಸಿನಾನ್. ಇವನ ಕಡೆಯವರು ಸಲಾದೀನನ ಮೇಲೇ ಎರಡು ಸಲ ಕೈ ಮಾಡಿದ್ದರು. 1192ರ ಏಪ್ರಿಲ್‌ನಲ್ಲಿ ಟೈರ್ ಪಟ್ಟಣದ ಬೀದಿಯಲ್ಲಿ ಮಾಂಟ್‌ಫೆರಾಟ್‌ನ ಕಾನ್ರಾಡ್‌ನನ್ನು ಇರಿದವರೂ ನಿಝಾರಿಗಳೇ. ಹಶೀಶ್ ಕುಡಿಸಿ, ಸ್ವರ್ಗದಂಥ ತೋಟ ತೋರಿಸಿ ಕೊಲೆಗೆ ಕಳಿಸುತ್ತಿದ್ದರು ಅನ್ನುವ ಕತೆಯನ್ನು ವೈರಿಗಳೂ ಪ್ರವಾಸಿಗಳೂ ಹಬ್ಬಿಸಿದರು. ಮಾರ್ಕೊ ಪೋಲೊ ಹೇಳಿದ ಮೇಲಂತೂ ಅದೇ ನಿಂತುಬಿಟ್ಟಿತು. ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೊಲ್ 1938ರಲ್ಲಿ ಅದೇ ಕತೆಯಿಂದ 'ಅಲಮೂತ್' ಎಂಬ ಕಾದಂಬರಿ ಬರೆದ. ಆಟಕ್ಕೆ ಸ್ಫೂರ್ತಿ ಆ ಕಾದಂಬರಿ. ಸತ್ಯವೆಂಬುದು ಗಟ್ಟಿಯಲ್ಲ, ಆದ್ದರಿಂದ ಯಾವುದಕ್ಕೂ ತಡೆಯಿಲ್ಲ ಅನ್ನುವ ಅರ್ಥದ ಸಂಘದ ಸೂತ್ರವೂ ಅಲ್ಲಿಂದ ಬಂದದ್ದು. ನಿಝಾರಿಗಳು ಈಗಲೂ ಇದ್ದಾರೆ, ಆಗಾ ಖಾನ್ ಅವರ ಇಮಾಮ್.

ಆಟದಲ್ಲಿ ಕೊಲ್ಲುವ ಮೊದಲು ವಿಚಾರಣೆ ನಡೆಸಬೇಕು. ಕಟ್ಟೆಯ ಮೇಲೆ ಕೂತು ಪಕ್ಕದವರ ಮಾತು ಕದ್ದು ಕೇಳುವುದು, ಚೀಲದಿಂದ ಕಾಗದ ಎಗರಿಸುವುದು, ಬೀದಿಯಲ್ಲಿ ಆ ಮನುಷ್ಯನ ಪರವಾಗಿ ಭಾಷಣ ಮಾಡುವವನನ್ನು ಓಣಿಗೆ ತಳ್ಳಿ ಹೊಡೆದು ಬಾಯಿಬಿಡಿಸುವುದು. ಬಾಯಿಬಿಟ್ಟವನನ್ನು ಅಲ್ತಾಯಿರ್ ಅಲ್ಲೇ ಕೊಲ್ಲುತ್ತಾನೆ. ಒಂಬತ್ತರ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಬಿಳಿ ಮಂಜಿನಲ್ಲಿ ಮಾತಾಡುವ ಅವಕಾಶವೂ ಅವನಿಗಿಲ್ಲ. ಇಷ್ಟು ಮಾಹಿತಿ ಹೊತ್ತು ಊರಿನ ಸಂಘದ ಕಚೇರಿಗೆ ಹೋದರೆ ಮುಖ್ಯಸ್ಥ ಒಂದು ಬಿಳಿ ಗರಿ ಕೊಡುತ್ತಾನೆ. ಸತ್ತವನ ರಕ್ತದಲ್ಲಿ ಅದ್ದಿ ತಂದರೆ ಕೆಲಸ ಆಯಿತೆಂದು ಲೆಕ್ಕ.

ಮೊದಮೊದಲು ಈ ವಿಚಾರಣೆ ಬಹಳ ನ್ಯಾಯವಾಗಿ ಕಂಡಿತು. ಕೇಳಿದ್ದೆಲ್ಲ ಒಂದೇ ಕಡೆಯ ಮಾತು ಅನ್ನುವುದು ತಿಳಿದದ್ದು ಗಾರ್ನಿಯೆಯ ಆಸ್ಪತ್ರೆಯಲ್ಲಿ.

ಗಾರ್ನಿಯೆ ದ ನಾಪ್ಲೂಸ್, ಅಕ್ಕಾದ ಹಾಸ್ಪಿಟಲರ್ ಯೋಧರ ಮುಖ್ಯಸ್ಥ. ಆಟದಲ್ಲಿ ವೈದ್ಯ. ಜನರನ್ನು ಹಿಡಿದು ತಂದು ಅವರ ಮೇಲೆ ಔಷಧಿಯ ಪ್ರಯೋಗ ಮಾಡುತ್ತಾನೆ ಅಂತ ಪೇಟೆಯಲ್ಲೆಲ್ಲ ಮಾತು. ನಾವು ಕೋಟೆಯ ಅಂಗಳಕ್ಕೆ ಬರುವ ಹೊತ್ತಿಗೆ ಒಬ್ಬ ರೋಗಿ ಹೊರಗೋಡಿ ಬರುತ್ತಾನೆ. ಕಾಪಾಡಿ ಎಂದು ಕೂಗುತ್ತಾನೆ. ಹಿಡಿದು ತಂದರೆ, ಮತ್ತೆ ತಪ್ಪಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಗಾರ್ನಿಯೆ ಸ್ವರ ಏರಿಸುವುದಿಲ್ಲ. ಇಲ್ಲ, ತಪ್ಪಿಸಿಕೊಳ್ಳುವುದಿಲ್ಲ ಅಂತ ಹೇಳಿ, ಅವನ ಎರಡೂ ಕಾಲು ಮುರಿಯಲು ಆಳುಗಳಿಗೆ ಹೇಳುತ್ತಾನೆ. ಆ ಶಬ್ದ ಕೇಳಿದ ಮೇಲೆ ನನಗೆ ಯಾವ ಅನುಮಾನವೂ ಉಳಿಯಲಿಲ್ಲ. ಓಲಾಡುತ್ತ ಕೂತ ರೋಗಿಗಳ ಸಾಲಿನ ನಡುವೆ ನುಸುಳಿ, ಬಾಗಿ ಒಬ್ಬನನ್ನು ನೋಡುತ್ತಿದ್ದ ಗಾರ್ನಿಯೆಯ ಕತ್ತಿಗೆ ಅಲಗು ಇಳಿಸಿದೆ.

ಮಂಜು ಕವಿಯಿತು. ಅವನು ತನ್ನ ಜೀವಕ್ಕಾಗಿ ಅಳಲಿಲ್ಲ. ನನ್ನ ಮಕ್ಕಳಿಗೆ ಇನ್ನು ಯಾರು ದಿಕ್ಕು ಅಂತ ಕೇಳಿದ. ಮಕ್ಕಳೆಂದರೆ ಆ ರೋಗಿಗಳು. ಅವರು ಮನೆಗೆ ಹೋಗುತ್ತಾರೆ ಅಂತ ಅಲ್ತಾಯಿರ್. ಮನೆಯಾ, ಯಾವ ಮನೆ? ಚರಂಡಿಯಾ, ಸೂಳೆಗೇರಿಯಾ, ನಾವು ಎಳೆದು ತಂದ ಸೆರೆಮನೆಯಾ? ಇಷ್ಟವಿಲ್ಲದವರನ್ನು ಹಿಡಿದು ತಂದೆಯಲ್ಲ ಅಂದರೆ, ಹೌದು, ಅವರಲ್ಲಿ ಉಳಿದಿದ್ದ ಇಷ್ಟವಾದರೂ ಎಷ್ಟು, ಅಂದ. ಅತ್ತ ಮಗುವಿಗೆಲ್ಲ ಬೇಡಿದ್ದನ್ನು ಕೊಡುತ್ತೀಯಾ ಅಂತ ತಿರುಗಿ ಕೇಳಿದ. ಇದನ್ನು ಅಪ್ಪಯ್ಯನಿಗೆ ಹೇಳುತ್ತಿದ್ದಾಗ ನನ್ನ ದನಿ ಎಲ್ಲೋ ಸಿಕ್ಕಿಕೊಂಡಿತು. ನಮ್ಮೂರಲ್ಲೇ ಮನೆಯ ಹಿಂದಿನ ಕೋಣೆಯಲ್ಲಿ ಸರಪಳಿ ಕಟ್ಟಿ ಇಟ್ಟಿದ್ದ ಒಬ್ಬರನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಕಟ್ಟಿದವರು ಕೆಟ್ಟವರಾಗಿರಲಿಲ್ಲ. ದಿನಾ ಸಂಜೆ ಅವರೇ ತಲೆಗೆ ಎಣ್ಣೆ ತಟ್ಟುತ್ತಿದ್ದರು.

ಇತಿಹಾಸದ ಗಾರ್ನಿಯೆಗೂ ಇದಕ್ಕೂ ಬಹಳ ದೂರ. ಅವನು ಯೋಧ. 1191ರ ಸೆಪ್ಟೆಂಬರ್ 7ರ ಅರ್ಸೂಫ್ ಕಾಳಗದಲ್ಲಿ, ಅಪ್ಪಣೆಗೆ ಕಾಯದೆ ಮುಂದೆ ನುಗ್ಗಿದ ಹಾಸ್ಪಿಟಲರ್ ಕುದುರೆದಳದ ಮುಖ್ಯಸ್ಥ, ಸತ್ತದ್ದು 1192ರಲ್ಲಿ. ಅವನ ಪಂಥಕ್ಕೆ ಜೆರುಸಲೇಮ್‌ನಲ್ಲಿ ದೊಡ್ಡ ಆಸ್ಪತ್ರೆ ಇದ್ದದ್ದು ಮಾತ್ರ ನಿಜ. ಬರೆದವರು ಆ ಒಂದು ಎಳೆ ಹಿಡಿದು ಇಡೀ ಖಳನನ್ನು ನೇಯ್ದಿದ್ದಾರೆ.

ಗಾರ್ನಿಯೆಗೆ ಜನ ಸರಬರಾಜು ಮಾಡುತ್ತಿದ್ದವನು ಜೆರುಸಲೇಮ್‌ನ ತಲಾಲ್, ಗುಲಾಮರ ವ್ಯಾಪಾರಿ. ಅವನ ಗೋದಾಮಿನ ಪಂಜರಗಳಲ್ಲಿ ಕೊರಗುವವರನ್ನು ದಾಟಿಯೇ ಅವನನ್ನು ಅಟ್ಟಿಸಿಕೊಂಡು ಹೋಗಬೇಕು. ಬೀದಿಬೀದಿ ಓಡಿ ಹಿಡಿದೆ. ಮಂಜಿನಲ್ಲಿ ಅವನು ಕೇಳಿದ್ದು ಸರಳ ಪ್ರಶ್ನೆ. ಭಿಕ್ಷುಕರು, ಕುಷ್ಠದವರು, ಅಮಲಿಗೆ ಬಿದ್ದವರು, ಇವರನ್ನು ಗುಲಾಮರೆಂದು ಯಾರು ಕೊಳ್ಳುತ್ತಾರೆ? ಮಾರಲಿಕ್ಕಲ್ಲ, ಉಳಿಸಲಿಕ್ಕೆ ಒಯ್ದೆ.

ಇಲ್ಲಿ ಆಟ ನನ್ನ ಕೈಯನ್ನೇ ಸಾಕ್ಷಿಗೆ ಕರೆಯಿತು. ಈ ಊರುಗಳ ಬೀದಿಯಲ್ಲಿ ಭಿಕ್ಷುಕ ಹೆಂಗಸರಿದ್ದಾರೆ. ನಾವು ಮೆಲ್ಲಗೆ, ಯಾರ ಕಣ್ಣಿಗೂ ಬೀಳದಂತೆ ನಡೆಯುವಾಗಲೇ ಎದುರು ಬಂದು ಅಡ್ಡಗಟ್ಟಿ, ನಾಲ್ಕು ಕಾಸು ಕೊಡಿ, ಬಡವಿ, ಹಸಿದಿದ್ದೇನೆ ಅಂತ ಹೇಳಿದ್ದನ್ನೇ ಹೇಳುತ್ತ ಹಿಂದೆ ಹಿಂದೆ ನಡೆಯುತ್ತಾರೆ. ಅಲ್ತಾಯಿರ್‌ನ ಕಿಸೆಯಲ್ಲಿ ಕಾಸಿಲ್ಲ. ಈ ಆಟದಲ್ಲಿ ದುಡ್ಡು ಎಂಬುದೇ ಇಲ್ಲ, ಕೊಡಬೇಕೆಂದರೂ ಕೊಡಲಾಗದು. ಇನ್ನೊಂದು ಕಡೆ ಬುದ್ಧಿ ಸ್ಥಿಮಿತ ತಪ್ಪಿದವರಿದ್ದಾರೆ. ಕಾರಣವಿಲ್ಲದೆ ಬಂದು ದೂಡುತ್ತಾರೆ, ನಾವು ಕಾವಲಿನವರ ಮೈಮೇಲೆ ಬೀಳುತ್ತೇವೆ, ಕತ್ತಿ ಹೊರಬರುತ್ತದೆ. ಅಕ್ಕಾದ ಬಂದರಿನಲ್ಲಿ ಕುಡುಕರು ನೀರಿಗೇ ತಳ್ಳುತ್ತಾರೆ. ಕೋಟೆಯ ತುದಿಯಿಂದ ಹುಲ್ಲಿನ ಗಾಡಿಗೆ ಹಾರಿ ಬದುಕುವ ಈ ಮಹಾಶಯನಿಗೆ ಈಜು ಬರುವುದಿಲ್ಲ! ಅವನು ಹಾಗೆ ಮೊದಲ ಸಲ ಮುಳುಗಿದಾಗ ಅಪ್ಪಯ್ಯ ಕೆಮ್ಮು ಬರುವಷ್ಟು ನಕ್ಕರು.

ನಾನು ಏನು ಮಾಡುತ್ತಿದ್ದೆ? ಮೊದಲ ದಿನ ಬಳಸಿ ಹೋದೆ. ಮೂರನೆಯ ದಿನ ದೂಡಿದೆ. ವಾರ ಕಳೆಯುವಾಗ, ಭಿಕ್ಷುಕಿಯ ದನಿ ಕೇಳಿದರೆ ಸಾಕು, ಹಲ್ಲು ಕಚ್ಚಿ ನೆಲಕ್ಕೆ ಬೀಳುವಂತೆ ತಳ್ಳುತ್ತಿದ್ದೆ. ಇರಿದರೆ ಆಟ ಶಿಕ್ಷೆ ಕೊಡುತ್ತದೆ, ತಳ್ಳಿದರೆ ಇಲ್ಲ. ಈ ಜನ ಬೀದಿಯಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನಾನು ಅಂದುಕೊಂಡಿದ್ದೇನೆ, ಬಾಯಿಬಿಟ್ಟು ಹೇಳಿದ್ದೇನೆ ಕೂಡ. ತಲಾಲ್ ಮಾಡಿದ್ದೂ ಅದೇ, ಬೀದಿಯಿಂದ ಅವರನ್ನು ಎತ್ತಿದ್ದು. ಅವರ ಹಸಿವನ್ನು ಅವನು ನನಗಿಂತ ಹೆಚ್ಚು ಯೋಚಿಸಿದ್ದ. ಪಂಜರ ಮಾಡಿಸಿದವನೂ ಅವನೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನನಗೆ ಈಗಲೂ ಕಷ್ಟ.

ಅಕ್ಕಾದ ಕೋಟೆಯಲ್ಲಿ ಮಾಂಟ್‌ಫೆರಾಟ್‌ನ ವಿಲಿಯಂ ಸಿಗುವಾಗ ನನ್ನೊಳಗಿನ ಇತಿಹಾಸದ ಮೇಡಂ ಎಚ್ಚರಗೊಂಡಳು. ದೃಶ್ಯದ ಮೊದಲಿಗೇ ರಿಚರ್ಡ್ ದೊರೆ ವಿಲಿಯಂನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮೂರು ಸಾವಿರ ಜೀವ, ನಮ್ಮವರ ಬಿಡುಗಡೆಗೆ ಬದಲಿಯಾಗಿ ಇಟ್ಟುಕೊಳ್ಳಬೇಕಿದ್ದ ಸೆರೆಯಾಳುಗಳು, ಅವರನ್ನು ಕೊಲ್ಲಿಸಿಬಿಟ್ಟೆಯಲ್ಲ ಅಂತ. ವಿಲಿಯಂ ತಣ್ಣಗೆ, ಆ ಕಡೆಯವರು ಮಾತು ಉಳಿಸಿಕೊಳ್ಳುತ್ತಿರಲಿಲ್ಲ, ನಿಮಗೆ ಉಪಕಾರವನ್ನೇ ಮಾಡಿದೆ ಅನ್ನುತ್ತಾನೆ.

ನಡೆದದ್ದು ಬೇರೆ. 1191ರ ಆಗಸ್ಟ್ 20ರಂದು ಅಕ್ಕಾದ ಹೊರಗೆ, ಅಯ್ಯಾದಿಯಾ ಎಂಬಲ್ಲಿ ಸುಮಾರು 2,700 ಸೆರೆಯಾಳುಗಳನ್ನು ಸಲಾದೀನನ ಸೈನ್ಯಕ್ಕೆ ಕಾಣುವಂತೆ ಕೊಂದರು. ಅಪ್ಪಣೆ ಕೊಟ್ಟವನು ಸಾಕ್ಷಾತ್ ರಿಚರ್ಡ್. ವಿಲಿಯಂ ಎಂಬ ಮುದುಕ ಇದ್ದದ್ದು ಹೌದು, ಕಾನ್ರಾಡ್‌ನ ತಂದೆ, 1187ರಲ್ಲಿ ಹತ್ತೀನ್ ಯುದ್ಧದಲ್ಲಿ ಸಲಾದೀನನಿಗೆ ಸೆರೆಯಾಗಿದ್ದವನು. ಈ ಹತ್ಯಾಕಾಂಡಕ್ಕೂ ಅವನಿಗೂ ಸಂಬಂಧವಿಲ್ಲ. ಖಳರ ಮನಸ್ಸಿನಲ್ಲಿ ಒಳ್ಳೆಯದು ಕೆಟ್ಟದ್ದು ಹೇಗೆ ಬೆರೆತಿದೆ ಅಂತ ತೋರಿಸಲು ಇಷ್ಟು ಕಷ್ಟಪಡುವ ಆಟ, ದೊರೆಯ ರಕ್ತದ ಕೈಯನ್ನು ತೊಳೆದು ಆ ನೀರನ್ನು ಇನ್ನೊಬ್ಬನ ತಲೆಗೆ ಸುರಿಯಿತು. ಇದು ನನಗೆ ಇವತ್ತಿಗೂ ಸಿಟ್ಟು. ರಿಚರ್ಡ್‌ನನ್ನೇ ಹಾಗೆ ತೋರಿಸಿದ್ದರೆ ಪಟ್ಟಿಗೆ ಹತ್ತನೆಯ ಹೆಸರು ಸೇರಿಸಬೇಕೋ ಬೇಡವೋ ಅಂತ ಆಡುವವರು ಕೇಳುತ್ತಿದ್ದರು. ಎಷ್ಟು ಒಳ್ಳೆಯ ಪ್ರಶ್ನೆ ತಪ್ಪಿಹೋಯಿತು!

ವಿಲಿಯಂ ಸಾಯುವಾಗ ಹೇಳಿದ್ದನ್ನು ಮಾತ್ರ ಚೆನ್ನಾಗಿ ಬರೆದಿದ್ದಾರೆ. ಊರಿನ ದವಸ ಕಿತ್ತು ಕೂಡಿಟ್ಟೆ, ಜನರನ್ನು ಹಿಡಿದು ಸೈನ್ಯಕ್ಕೆ ಸೇರಿಸಿದೆ ಅಂತ ಅಲ್ತಾಯಿರ್ ದೂರಿದರೆ, ಕಷ್ಟದ ದಿನ ಬಂದಾಗ ಎಲ್ಲರಿಗೂ ಅಳೆದು ಹಂಚಲು ಕೂಡಿಟ್ಟೆ, ಅವರಿಗೆ ಕಲಿಸುತ್ತಿದ್ದದ್ದು ಯುದ್ಧವನ್ನಲ್ಲ, ಶಿಸ್ತನ್ನು ಅನ್ನುತ್ತಾನೆ. ನನ್ನ ಕೇರಿಯಲ್ಲಿ ನಿಮ್ಮವರು ಮಾಡುವ ಅಪರಾಧ ಬಿಟ್ಟರೆ ಬೇರೆ ಅಪರಾಧವಿಲ್ಲ ಅಂತಲೂ ಸೇರಿಸುತ್ತಾನೆ. ಆ ಏಪ್ರಿಲ್‌ನಲ್ಲಿ ರೇಷನ್ ಅಂಗಡಿಯ ಮುಂದೆ ಸುಣ್ಣದ ವೃತ್ತದೊಳಗೆ ನಿಂತು ಅಕ್ಕಿ ತರುತ್ತಿದ್ದವರು ನಾವು. ಅಪ್ಪಯ್ಯ "ಇವ ಹೇಳುವುದು ಪೂರಾ ಸುಳ್ಳೂ ಅಲ್ಲ ನೋಡು" ಅಂದರು.

ಡಮಾಸ್ಕಸ್‌ನ ಸಿರಿವಂತ ಅಬುಲ್ ನುಖೂದ್ ತನ್ನ ಅರಮನೆಯಲ್ಲಿ ಔತಣ ಇಟ್ಟು, ಕಾರಂಜಿಯಲ್ಲಿ ಮದ್ಯ ಹರಿಸಿ, ಅದಕ್ಕೆ ವಿಷ ಬೆರೆಸಿ, ಓಡುವವರಿಗೆ ಬಾಣ ಬಿಡಿಸುತ್ತಾನೆ. ಕೊಂದ ಮೇಲೆ ಅವನಾಡಿದ ಮಾತು ಒಂಬತ್ತರಲ್ಲಿ ನನಗೆ ಬಹಳ ದಿನ ಉಳಿದದ್ದು. ನನ್ನನ್ನು ನೋಡು, ನಾನು ಹುಟ್ಟಿದ ಬಗೆಯೇ ಈ ಜನಕ್ಕೆ ಹೇಸಿಗೆ ಅನ್ನುತ್ತಾನೆ. ಬೆಲೆಬಾಳುವ ಬಟ್ಟೆ ಅವರ ಬೈಗುಳವನ್ನು ಸ್ವಲ್ಪ ಮರೆಸಿತ್ತು, ಅಷ್ಟೆ. ನನ್ನನ್ನು ಅಪವಿತ್ರ ಅನ್ನುವ ದೇವರಿಗಾಗಿ ನಡೆಯುವ ಯುದ್ಧಕ್ಕೆ ನಾನೇ ಹಣ ಕೊಡಬೇಕೇ? ಇದನ್ನು ಅಪ್ಪಯ್ಯನಿಗೆ ಹೇಗೆ ಬಿಡಿಸಿ ಹೇಳುವುದು ಅಂತ ಕ್ಷಣ ತಡೆದೆ. ಅವರು ಕೇಳಿ ಸುಮ್ಮನಿದ್ದರು. ಆಮೇಲೆ ತಮ್ಮ ಕಾಲದ ಒಬ್ಬ ಸ್ತ್ರೀವೇಷದ ಕಲಾವಿದರ ನೆನಪು ತೆಗೆದು, ರಂಗದ ಮೇಲೆ ಚಪ್ಪಾಳೆ ಹೊಡೆದವರೇ ಚೌಕಿಯ ಹಿಂದೆ ಏನೆಲ್ಲ ಅಂದರು ಅನ್ನುವುದನ್ನು ಹೇಳಿದರು. ಆದರೂ ವಿಷ ಕುಡಿದು ಬಿದ್ದವರು ಎಷ್ಟೋ ಜನ. ಅವರಲ್ಲಿ ಅವನನ್ನು ಬೈದವರೆಷ್ಟು, ಬೈಯದವರೆಷ್ಟು?

ಪುಸ್ತಕ ಸುಡುವ ಜುಬೈರ್ ಅಲ್ ಹಕೀಮ್‌ನ ಬಗ್ಗೆ ಮೇಷ್ಟರ ಕೆಲಸದವಳಾಗಿ ನಾನು ಪಕ್ಷಪಾತಿ. ಡಮಾಸ್ಕಸ್‌ನ ಪ್ರಧಾನ ವಿದ್ವಾಂಸ ಅವನು. ಒಬ್ಬ ಪಂಡಿತ ಎದುರಾಡಿದ್ದಕ್ಕೆ ಅವನನ್ನೂ ಬೆಂಕಿಗೆ ತಳ್ಳುತ್ತಾನೆ. ಇವನ ಮಾತು ಕೇಳಲೇಬಾರದು ಅಂತಿದ್ದೆ. ಕೇಳಿದರೆ: ಈ ಎರಡು ಸೈನ್ಯಗಳು ಇಲ್ಲಿ ಹೊಡೆದಾಡುತ್ತಿರುವುದು ಯಾವುದರಿಂದ? ಅವರ ಹಳೆಯ ಬರಹಗಳಿಂದ. ಆ ಬರಹ ಇನ್ನಷ್ಟು ಜನರನ್ನು ಕೊಲ್ಲುವ ಮೊದಲು ಬರಹವನ್ನು ಕೊಂದೆ. ನೀನೂ ಹಾಗೆಯೇ ಅಲ್ಲವೇ, ಕೆಲವರನ್ನು ಕೊಂದು ಹಲವರನ್ನು ಉಳಿಸುತ್ತೇನೆ ಅನ್ನುವವನು? ಅಲ್ತಾಯಿರ್‌ಗೆ ಸಿಕ್ಕ ಉತ್ತರ, ಬೇರೆ ದಾರಿ ಹುಡುಕಬೇಕಿತ್ತು, ಜನರಿಗೆ ಕಲಿಸಬೇಕಿತ್ತು ಅನ್ನುವುದು. ಕಲಿಸುತ್ತಲೇ ಬಂದ ನನಗೆ ಆ ಉತ್ತರ ಎಷ್ಟು ತೆಳ್ಳಗಿದೆ ಅಂತ ಗೊತ್ತು. ಅದಕ್ಕಿಂತ ದಪ್ಪನೆಯದು ನನ್ನಲ್ಲಿಯೂ ಇಲ್ಲ.

ಇಷ್ಟು ಹೊತ್ತಿಗೆ ಆಟದ ಜಾಡು ನಮ್ಮಿಬ್ಬರಿಗೂ ಸಿಕ್ಕಿತ್ತು. ಪ್ರತಿಯೊಬ್ಬನೂ ತಾನು ದೊಡ್ಡದೊಂದು ಕೆಲಸದ ಸಣ್ಣ ತುಣುಕು ಅನ್ನುತ್ತಾನೆ, ತನಗೆ ಸಹೋದರರಿದ್ದಾರೆ ಅನ್ನುತ್ತಾನೆ. ಇವರಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಹೊರಗೆ ಎದುರಾಳಿಗಳು, ಒಳಗೆ ಎಲ್ಲರೂ ಟೆಂಪ್ಲರ್ ಎಂಬ ಗುಪ್ತ ಕೂಟದವರು. ಜನರ ಸ್ವಂತ ಇಚ್ಛೆಯನ್ನು ಕಿತ್ತು, ಯುದ್ಧವಿಲ್ಲದ ಒಂದು ಲೋಕ ಕಟ್ಟುವುದು ಅವರ ಗುರಿ. ಹಂತಕರಿಗೂ ಬೇಕಾದದ್ದು ಶಾಂತಿಯೇ. ಹೀಗೆ ಎಲ್ಲ ಖಳರಿಗೂ ಒಂದೊಂದು ಒಳ್ಳೆಯ ಕಾರಣ ಕೊಟ್ಟರೆ ಅದೂ ಒಂದು ಅಚ್ಚಾಗಿಬಿಡುತ್ತದೆ. ಬರೆದವರಿಗೆ ಇದು ಗೊತ್ತಿತ್ತು, ಅದಕ್ಕೇ ಮಜ್ದ್ ಅದ್ದೀನ್‌ನನ್ನು ಇಟ್ಟರು. ಸಲಾದೀನ ಊರಲ್ಲಿಲ್ಲದಾಗ ಜೆರುಸಲೇಮ್ ಆಳುತ್ತ, ಜನರೆದುರೇ ಮರಣದಂಡನೆ ಕೊಡುವವನು. ಯಾವ ಮಹಾಕಾರ್ಯಕ್ಕೆ ಹೀಗೆ ಮಾಡಿದೆ ಅಂತ ಕೇಳಿದರೆ, ಮಜಾ ಬರುತ್ತಿತ್ತು ಅನ್ನುತ್ತಾನೆ. ಜನ ಹೆದರುತ್ತಿದ್ದರು, ದೇವರಂತಿದ್ದೆ. ಅಪ್ಪಯ್ಯನಿಗೆ ಇವನ ಅರ್ಥಗಾರಿಕೆ ರುಚಿಸಲಿಲ್ಲ. ನನಗೆ ಅಪ್ಪಟ ಸತ್ಯ ಹೇಳಿದವನು ಇವನೊಬ್ಬನೇ ಅನ್ನಿಸಿತು. ಉಳಿದ ಎಂಟು ಜನರೊಳಗೂ ಅವನ ಒಂದೊಂದು ಹನಿ ಇರಬಹುದು ಅಂತ ಆಮೇಲಿಂದ ಅನುಮಾನ.

ಅಕ್ಕಾದ ಬಂದರಿನ ಸಿಬ್ರಾಂಡ್ ಬೇರೆ ಥರ. ಬಿಳಿ ಬಟ್ಟೆ ಕಂಡರೆ ಹಂತಕನೇ ಬಂದ ಅನ್ನುವ ಭಯದಲ್ಲಿ ಒಬ್ಬ ಬಡಪಾಯಿ ಧರ್ಮಗುರುವನ್ನು ಕಡಿದು ಹಾಕುತ್ತಾನೆ. ಸಂಘದವರು ಸಂತರ ವೇಷದಲ್ಲಿ ಅಡಗಿದ್ದಕ್ಕೆ ನಿಜವಾದ ಸಂತನೊಬ್ಬ ಸತ್ತ. ಆ ಲೆಕ್ಕವನ್ನು ಅಲ್ತಾಯಿರ್ ಬರೆದುಕೊಳ್ಳುವುದಿಲ್ಲ.

ಆಟ ಆಡುತ್ತಿದ್ದ ಅಷ್ಟೂ ದಿನ ಅಪ್ಪಯ್ಯನ ಬಾಯಲ್ಲಿ ವಾಲಿವಧೆಯ ಪ್ರಸಂಗ. ಮರೆಯಲ್ಲಿ ನಿಂತು ಹೊಡೆಯುವುದು, ಬಿದ್ದವನು ಪ್ರಶ್ನೆ ಕೇಳುವುದು, ಹೊಡೆದವನು ಉತ್ತರ ಹೇಳುವುದು, ಇಡೀ ಕೂಟದ ಸ್ವಾರಸ್ಯ ಅಲ್ಲೇ. ಬಾಣ ಬೀಳುವವರೆಗೆ ಅರ್ಧ ಗಂಟೆ, ಬಿದ್ದ ಮೇಲೆ ಎರಡು ಗಂಟೆ. ನಾನು ನಿನಗೇನು ಮಾಡಿದ್ದೆ? ಎದುರಿಗೆ ಏಕೆ ಬರಲಿಲ್ಲ? ರಾಮ ತಮ್ಮನ ಹೆಂಡತಿಯ ಮಾತೆತ್ತುತ್ತಾನೆ, ಭರತನ ರಾಜ್ಯಭಾರದ ಮಾತೆತ್ತುತ್ತಾನೆ, ನೀನು ಕಪಿ, ಬೇಟೆಗೆ ಮರೆ ಸಲ್ಲುತ್ತದೆ ಅನ್ನುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಅಪ್ಪಯ್ಯ ಘಟ್ಟ ಇಳಿದು ಹೋಗುತ್ತಿದ್ದರಂತೆ. "ಒಂದು ಪ್ರಶ್ನೆಗೆ ಮೂರು ಉತ್ತರ ಕೊಡಬೇಕಾಯ್ತು ಅಂದ್ರೆ ಒಂದೂ ಸಾಲಲಿಲ್ಲ ಅಂತ ಅರ್ಥ. ಅದಕ್ಕೇ ರಾಮನ ಅರ್ಥ ಕಷ್ಟ ತಂಗಿ. ವಾಲಿಗೆ ಎಂತ, ಹೇಗೂ ಸಾಯುವವ. ಗೆಲ್ಲಲೇಬೇಕು ಅಂತ ಇಲ್ಲ."

ಅಲ್ತಾಯಿರ್‌ನ ಅರ್ಥಗಾರಿಕೆ ಮಾತ್ರ ಅಪ್ಪಯ್ಯನಿಗೆ ಕಡೆಯವರೆಗೂ ಹಿಡಿಸಲಿಲ್ಲ. ಎರಡು ಮಾತು ಆಡಿ ಬಾಯಿ ಮುಚ್ಚುತ್ತಾನೆ ಅಂತ ದೂರು. ನನಗೆ ಕಂಡದ್ದು ಬೇರೆ. ಮೊದಲ ಕೊಲೆಯಲ್ಲಿ ಅವನ ದನಿಯಲ್ಲಿ ತೀರ್ಪು ಕೊಡುವವನ ಗತ್ತು. ಐದಾರರ ಹೊತ್ತಿಗೆ ಅವನೇ ಕೇಳಲು ಶುರುಮಾಡುತ್ತಾನೆ: ಏಕೆ ಹೀಗೆ ಮಾಡಿದೆ, ನಿನ್ನ ಜೊತೆ ಯಾರಿದ್ದಾರೆ. ಪ್ರತಿ ಸಲ ಮಸ್ಯಾಫ್‌ಗೆ ಮರಳಿ ಗುರುವಿನ ಮೇಜಿನ ಮುಂದೆ ನಿಂತು, ಆ ವೈದ್ಯ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದನಲ್ಲ ಅನ್ನುವ ಥರದ ಪ್ರಶ್ನೆ ಇಡುತ್ತಾನೆ. ಮಲಿಕ್‌ನ ಬಳಿ ತಲೆತಗ್ಗಿಸಿ ಕ್ಷಮೆ ಕೇಳುತ್ತಾನೆ. ಅವನನ್ನು ತಿದ್ದಿದ್ದು ಗುರುವಿನ ಉಪದೇಶವಲ್ಲ, ಅವನೇ ಕೊಂದವರ ಮಾತು. ತಿದ್ದಿಕೊಂಡ ಮೇಲೂ ಮುಂದಿನವನ ಮಾತನ್ನು ಕೊಲ್ಲುವ ಮೊದಲೇ ಕೇಳೋಣ ಅನ್ನಲು ಆಟ ಅವನಿಗೆ ಒಂದು ಬಟನ್ ಕೊಡುವುದಿಲ್ಲ. ಒಂಬತ್ತು ಸಲವೂ ನಾನು ಆ ಬಟನ್ ಹುಡುಕಿದ್ದೇನೆ ಅಂತ ಹೇಳಿದರೆ ಅದು ಸುಳ್ಳು. ಆರನೆಯವನಿಂದ ಮುಂದೆ ಹುಡುಕಿದೆ.

ಒಂಬತ್ತನೆಯವನು ಟೆಂಪ್ಲರ್‌ಗಳ ಮುಖ್ಯಸ್ಥ ರಾಬರ್ಟ್ ದ ಸಾಬ್ಲೆ. ಅರ್ಸೂಫ್‌ನಲ್ಲಿ ರಿಚರ್ಡ್‌ನ ಎದುರೇ ಕಾದಾಟ, ಇಲ್ಲಿ ಮರೆಯಿಲ್ಲ. ಬಿದ್ದ ರಾಬರ್ಟ್ ಹೇಳಿದ: ನಿಧಿ ಕಂಡವರು ಒಂಬತ್ತಲ್ಲ, ಹತ್ತು. ಹತ್ತನೆಯವನು ನಿನ್ನ ಗುರು. ಉಳಿದ ಪಾಲುದಾರರನ್ನೆಲ್ಲ ಶಿಷ್ಯನ ಕೈಯಲ್ಲಿ ತೆಗೆಸಿ, ಜನರ ಮನಸ್ಸನ್ನು ಹಿಡಿದಿಡುವ ಆ ನಿಧಿಯನ್ನು ಅಲ್ ಮುಆಲಿಮ್ ಒಬ್ಬನೇ ಇಟ್ಟುಕೊಂಡಿದ್ದಾನೆ. ಮುಆಲಿಮ್ ಅಂದರೆ ಅರಬ್ಬಿಯಲ್ಲಿ ಪಾಠ ಹೇಳುವವನು. "ಕಡೆಗೆ ಮೇಷ್ಟರೇ ಕಳ್ಳ!" ಅಂತ ಅಪ್ಪಯ್ಯ ನನ್ನನ್ನು ನೋಡಿ ನಕ್ಕರು. ಕತೆಯ ತಿರುವಾಗಿ ಇದು ಅಂಥ ಅಚ್ಚರಿಯೇನಲ್ಲ. ಆದರೆ ಅವನ ಸಮರ್ಥನೆಯಲ್ಲಿ ಹಿಂದಿನ ಒಂಬತ್ತೂ ದನಿಗಳು ಕೇಳುತ್ತವೆ. ಯುದ್ಧ ನಿಲ್ಲಿಸಬಲ್ಲೆ, ಎಲ್ಲರೂ ಒಂದಾಗುತ್ತಾರೆ, ಇಚ್ಛೆ ಹೋದರೇನಾಯಿತು. ಮಸ್ಯಾಫ್‌ನ ಹಳ್ಳಿಯವರು ಕಣ್ಣು ಮಿಟುಕಿಸದೆ ಸಾಲಾಗಿ ನಿಂತಿರುತ್ತಾರೆ. ಅವನನ್ನು ಕೊಂದೆ. ಅಲ್ತಾಯಿರ್ ಆ ನಿಧಿಯನ್ನು ನಾಶಮಾಡಬೇಕೆಂದು ಹೋಗಿ, ಕೈ ಬಾರದೆ ನಿಲ್ಲುತ್ತಾನೆ.

ಆಟ ಮುಗಿದದ್ದು ಮೇ ತಿಂಗಳ ಒಂದು ರಾತ್ರಿ. ಮರುದಿನ ಸಂಜೆ ಟಿವಿ ಹಾಕಲಿಲ್ಲ. ಅಪ್ಪಯ್ಯ ಶಲ್ಯ ಹೊದ್ದು ಜಗಲಿಯಲ್ಲಿ ಚಾಪೆ ಹಾಸಿ ಕೂತರು. ಎದುರು ನನ್ನನ್ನು ಕೂರಿಸಿಕೊಂಡರು.

"ನಾ ಗಾರ್ನಿಯೆ. ನೀ ಅಲ್ತಾಯಿರ್. ಬಾಣ ಬಿದ್ದಾಯ್ತು, ಇಲ್ಲಿಂದ."

ಬಾಣವಲ್ಲ, ಅಲಗು ಅಂದೆ. ಅದೆಲ್ಲ ಒಂದೇ ಅಂದರು. ತೊಡೆಯ ಮೇಲೆ ತಾಳ ಹಾಕಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಬೀದಿಯಲ್ಲಿ ಬಿದ್ದವನ ಹುಣ್ಣು ತೊಳೆದವನು ನಾನು, ಆಗ ನೀನು ಯಾವ ಮಾಡಿನ ಮೇಲೆ ಹೊಂಚು ಹಾಕುತ್ತಿದ್ದೆ? ಅವನ ಕಾಲು ಮುರಿದವನು ನಾನು, ಹೌದು, ನೀನು ದೂಡಿ ಬೀಳಿಸಿದ ಭಿಕ್ಷುಕಿಯ ಕಾಲು ಏನಾಯಿತು ಅಂತ ತಿರುಗಿ ನೋಡಿದ್ದೆಯಾ? ಅರ್ಧ ಗಂಟೆ ನಿಲ್ಲಿಸಲಿಲ್ಲ. ಆಟದಲ್ಲಿ ಇದ್ದದ್ದು ಕಾಲುಭಾಗ, ಉಳಿದದ್ದೆಲ್ಲ ಹಿಂದಿನಿಂದ ಕೂತು ನನ್ನ ಕೈ ನೋಡಿಕೊಂಡೇ ಅವರು ಒಟ್ಟುಮಾಡಿದ್ದು. ಕಾಲು ಮುರಿಯುವುದು ವೈದ್ಯವಲ್ಲ ಅಂತ ನಾನೊಂದು ಮಾತು ಹೇಳಿದೆ. ಅದನ್ನು ಎತ್ತಿಕೊಂಡು ಇನ್ನೂ ಹತ್ತು ನಿಮಿಷ. ಮತ್ತೊಂದು ಹುಡುಕುವಷ್ಟರಲ್ಲಿ ಅಮ್ಮ ಒಳಗಿನಿಂದ ಊಟಕ್ಕೆ ಕರೆದಳು. ಅಪ್ಪಯ್ಯ ಏಳಲಿಲ್ಲ.

"ತಡೆಯೇ, ಇವಳು ಇನ್ನೂ ಉತ್ತರ ಹೇಳಬೇಕು."